ವೈಫೈ ನಿಧಾನವೇ? ರೂಟರ್ ಬದಲಿಸುವ ಮೊದಲು ಅಳೆಯಬೇಕಾದದ್ದು

“ನೆಟ್ ಸ್ಲೋ ಇದೆ” ಎನ್ನುವ ಒಂದೇ ದೂರಿನ ಹಿಂದೆ ನಾಲ್ಕು ಬೇರೆ ಬೇರೆ ದೋಷಗಳು ಅಡಗಿರಬಹುದು. ಹೊರಗಿನಿಂದ ಮನೆಗೆ ಬರುವ ಲೈನ್ ಕೆಟ್ಟಿರಬಹುದು. ಆ ಲೈನ್ ಬಂದು ಸೇರುವ ಮೋಡೆಮ್ ಅಥವಾ ಓಎನ್‌ಟಿ ಪೆಟ್ಟಿಗೆಯಿಂದ ರೂಟರ್‌ಗೆ ಎಳೆದ ಕೇಬಲ್ ಹಾಳಾಗಿರಬಹುದು. ರೂಟರ್‌ನ ಒಳಗೇ ತೊಂದರೆ ಇರಬಹುದು. ಇಲ್ಲವೇ ಇವೆಲ್ಲ ಸರಿಯಿದ್ದು, ರೂಟರ್‌ಗೂ ಫೋನಿಗೂ ನಡುವೆ ಸಿಗ್ನಲ್ ಸೊರಗುತ್ತಿರಬಹುದು. ಹೊಸ ರೂಟರ್ ಮೊದಲೆರಡು ದೋಷಗಳನ್ನು ಎಂದೂ ಸರಿಮಾಡದು. ನಾಲ್ಕನೆಯದನ್ನೂ ಎಷ್ಟೋ ಸಲ ಸರಿಮಾಡದು, ಏಕೆಂದರೆ ಹಳೆಯದು ಕುಳಿತಿದ್ದ ಮೂಲೆಯಲ್ಲೇ ಹೊಸದನ್ನೂ ಇಟ್ಟಿರುತ್ತೇವೆ. ಹಾಗಾಗಿ ಮೊದಲು ಅಳತೆ, ಆಮೇಲೆ ಆಯ್ಕೆ.

ಮೂರು ಜಾಗ, ಮೂರು ಅಳತೆ

ಮೊದಲ ಅಳತೆ ಕೇಬಲ್‌ನಲ್ಲಿ. ಲ್ಯಾಪ್‌ಟಾಪನ್ನು ರೂಟರ್‌ನ ಲ್ಯಾನ್ ಪೋರ್ಟಿಗೆ (ಮನೆಯೊಳಗಿನ ಸಾಧನ ಜೋಡಿಸುವ ಕಿಂಡಿ) ಈಥರ್‌ನೆಟ್ ಕೇಬಲ್‌ನಿಂದ ಜೋಡಿಸಿ, ಲ್ಯಾಪ್‌ಟಾಪಿನ ವೈಫೈ ಆಫ್ ಮಾಡಿ, ಸ್ಪೀಡ್ ಟೆಸ್ಟ್ ನಡೆಸಿ. ಎರಡನೆಯದು ರೂಟರ್‌ನಿಂದ ಎರಡು ಮೀಟರ್ ದೂರದಲ್ಲಿ, ನಡುವೆ ಏನೂ ಅಡ್ಡವಿಲ್ಲದೆ, 5 ಗಿಗಾಹರ್ಟ್ಸ್ ವೈಫೈನಲ್ಲಿ (ರೂಟರ್ ಸಾಮಾನ್ಯವಾಗಿ 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ತರಂಗ ಪಟ್ಟಿಗಳಲ್ಲಿ ಪ್ರಸಾರ ಮಾಡುತ್ತದೆ). ಮೂರನೆಯದು ತೊಂದರೆ ಕೊಡುವ ಕೋಣೆಯಲ್ಲಿ, ಅದೇ ಲ್ಯಾಪ್‌ಟಾಪಿನಲ್ಲಿ. ಸಾಧನ ಬದಲಾಯಿಸಿದರೆ ಹೋಲಿಕೆಗೆ ಅರ್ಥ ಉಳಿಯದು.

ಕೇಬಲ್‌ನಲ್ಲೇ ವೇಗ ಕಡಿಮೆ ಬಂದರೆ ವೈಫೈಯನ್ನು ದೂರಿ ಫಲವಿಲ್ಲ. ಅದರಲ್ಲೂ ಅಂಕಿ ಪ್ರತಿ ಸಲವೂ 94–95 ಎಂಬಿಪಿಎಸ್‌ಗೆ ಬಂದು ನಿಲ್ಲುತ್ತಿದ್ದರೆ ಕಾರಣ ಬಹುಮಟ್ಟಿಗೆ ಖಚಿತ: ಹಾದಿಯಲ್ಲಿ ಎಲ್ಲೋ ಒಂದು ಕಡೆ ಸಂಪರ್ಕ 100 ಎಂಬಿಪಿಎಸ್‌ಗೆ ಇಳಿದಿದೆ. ಈಥರ್‌ನೆಟ್ ಕೇಬಲ್‌ನಲ್ಲಿ ಎಂಟು ತಂತಿಗಳಿರುತ್ತವೆ, ಅಂದರೆ ನಾಲ್ಕು ಜೋಡಿ. 100 ಎಂಬಿಪಿಎಸ್‌ಗೆ ಎರಡು ಜೋಡಿ ಸಾಕು, ಗಿಗಾಬಿಟ್‌ಗೆ (1000 ಎಂಬಿಪಿಎಸ್) ನಾಲ್ಕೂ ಬೇಕು. ಗಿಗಾಬಿಟ್‌ಗಷ್ಟೇ ಬೇಕಾದ ಎರಡು ಜೋಡಿಗಳಲ್ಲಿ ಒಂದು ತಂತಿ ಕಡಿದರೂ, ಪ್ಲಗ್‌ನಲ್ಲಿ ಅವುಗಳ ಒಂದು ಪಿನ್ ಸರಿಯಾಗಿ ಕೂರದಿದ್ದರೂ ಎರಡೂ ತುದಿಯ ಸಾಧನಗಳು ಯಾವ ಎಚ್ಚರಿಕೆಯನ್ನೂ ಕೊಡದೆ 100ಕ್ಕೆ ಇಳಿದು ಕೆಲಸ ಮುಂದುವರಿಸುತ್ತವೆ. ಮೊದಲು ಬೇರೆ ಕೇಬಲ್ ಹಾಕಿ ನೋಡಿ. ಕ್ಯಾಟ್5ಇ ಅಥವಾ ಕ್ಯಾಟ್6 ಎಂದು ಮೇಲೆ ಅಚ್ಚಾಗಿರಲಿ. ಆಗಲೂ 94ರಲ್ಲೇ ನಿಂತರೆ ರೂಟರ್‌ನ ವಿವರಣಾ ಪುಟದಲ್ಲಿ ಪೋರ್ಟುಗಳ ವೇಗ ಓದಿ. ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಎಸಿ1200 ಎಂದು ಬರೆದು, ಹೊರಲೈನ್ ಸೇರುವ ವ್ಯಾನ್ ಪೋರ್ಟನ್ನು ಮಾತ್ರ 10/100 ಇಟ್ಟ ರೂಟರ್‌ಗಳು ಬಹಳ ಇವೆ. ನೀವು 300 ಎಂಬಿಪಿಎಸ್ ಪ್ಲಾನ್ ಹಾಕಿಸಿಕೊಂಡಿದ್ದರೂ ಅಂಥ ರೂಟರ್ ಮೂಲಕ ನೂರನ್ನು ದಾಟಲಾಗದು.

ಕೇಬಲ್‌ನಲ್ಲಿ ಪೂರ್ತಿ ವೇಗ, ಎರಡು ಮೀಟರ್‌ನಲ್ಲೂ ಒಳ್ಳೆಯ ವೇಗ, ಕೋಣೆಯಲ್ಲಿ ಮಾತ್ರ ಕುಸಿತ ಎಂದಾದರೆ ಅದು ದೂರ ಮತ್ತು ಗೋಡೆಯ ಪ್ರಶ್ನೆ. ಎರಡು ಮೀಟರ್‌ನಲ್ಲೇ ಕುಸಿದರೆ ನೆರೆಯ ವೈಫೈಗಳಿಂದ ಬರುವ ಚಾನೆಲ್ ಗದ್ದಲ, ತಪ್ಪು ಸೆಟ್ಟಿಂಗ್ ಅಥವಾ ಹಳೆಯ ರೂಟರ್.

ಸಿಗ್ನಲ್ ಎಷ್ಟಿದೆ?

ಫೋನಿನ ಮೇಲ್ತುದಿಯ ಗೆರೆಗಳನ್ನು ನಂಬಬೇಡಿ. ಒಂದೊಂದು ಫೋನು ಅವನ್ನು ಒಂದೊಂದು ಲೆಕ್ಕದಲ್ಲಿ ತೋರಿಸುತ್ತದೆ. ಆಂಡ್ರಾಯ್ಡ್‌ನಲ್ಲಿ ಯಾವುದಾದರೂ ವೈಫೈ ಅನಲೈಸರ್ ಆ್ಯಪ್ ಹಾಕಿಕೊಂಡರೆ ಸಿಗ್ನಲ್ ಡಿಬಿಎಂ (ಸಿಗ್ನಲ್ ಶಕ್ತಿಯ ಅಳತೆ) ಲೆಕ್ಕದಲ್ಲಿ ಕಾಣುತ್ತದೆ. ಮ್ಯಾಕ್‌ನಲ್ಲಿ ಆಪ್ಷನ್ ಕೀ ಒತ್ತಿಹಿಡಿದು ವೈಫೈ ಗುರುತಿನ ಮೇಲೆ ಕ್ಲಿಕ್ ಮಾಡಿದರೆ ಸಾಕು. ಅಂಕಿ ಋಣ ಸಂಖ್ಯೆಯಲ್ಲಿರುತ್ತದೆ, ಸೊನ್ನೆಗೆ ಹತ್ತಿರವಿದ್ದಷ್ಟೂ ಒಳ್ಳೆಯದು. -50ರ ಆಸುಪಾಸು ಅತ್ಯುತ್ತಮ. -67ರವರೆಗೆ ವಿಡಿಯೊ ಕರೆ ಸಲೀಸು. -75 ದಾಟಿದರೆ ವೇಗ ಬೀಳುತ್ತದೆ, -80 ದಾಟಿದರೆ ಸಂಪರ್ಕ ಇದ್ದೂ ಇಲ್ಲದಂತೆ. ಪ್ರತಿ 3 ಡೆಸಿಬೆಲ್ ಇಳಿದಾಗ ಶಕ್ತಿ ಅರ್ಧವಾಗುತ್ತದೆ, 10 ಇಳಿದಾಗ ಹತ್ತನೇ ಒಂದು ಭಾಗ. ಆದ್ದರಿಂದ -60ಕ್ಕೂ -70ಕ್ಕೂ ನೋಡಲು ವ್ಯತ್ಯಾಸ ಸಣ್ಣದು, ನಿಜದಲ್ಲಿ ಹತ್ತು ಪಟ್ಟು.

ಅಡೆತಡೆ ಇಲ್ಲದ ಜಾಗದಲ್ಲೂ 5 ಗಿಗಾಹರ್ಟ್ಸ್ ಸಿಗ್ನಲ್ ಅಷ್ಟೇ ದೂರಕ್ಕೆ 2.4 ಗಿಗಾಹರ್ಟ್ಸ್‌ಗಿಂತ ಸುಮಾರು 6 ಡೆಸಿಬೆಲ್ ದುರ್ಬಲವಾಗಿ ಬರುತ್ತದೆ. ಗೋಡೆ ಅಡ್ಡ ಬಂದಾಗ ಈ ಅಂತರ ಇನ್ನೂ ಹೆಚ್ಚು. ಪ್ಲೈವುಡ್ ಬಾಗಿಲು ಹೆಚ್ಚೇನೂ ತಡೆಯದು. ಕಬ್ಬಿಣದ ಸರಳಿರುವ ಕಾಂಕ್ರೀಟ್ ಗೋಡೆ, ತಾರಸಿಯ ಸ್ಲ್ಯಾಬ್, ನೀರು ತುಂಬಿದ ಟ್ಯಾಂಕ್, ಬೀರು, ಫ್ರಿಜ್, ಹಿಂಬದಿಗೆ ಲೋಹ ಲೇಪಿಸಿದ ದೊಡ್ಡ ಕನ್ನಡಿ ಇವೇ ನಿಜವಾದ ಶತ್ರುಗಳು. ಸಿಗ್ನಲ್ ಗೋಡೆಯನ್ನು ಓರೆಯಾಗಿ ಹಾಯ್ದರೆ ಗೋಡೆಯೊಳಗೆ ಸಾಗುವ ದೂರ ಹೆಚ್ಚುತ್ತದೆ. ರೂಟರನ್ನು ಅರ್ಧ ಮೀಟರ್ ಸರಿಸಿ, ಎದುರಿಗೆ ಗೋಡೆಯ ಬದಲು ಬಾಗಿಲು ಬರುವಂತೆ ಮಾಡಿದಾಗ ಫಲಿತಾಂಶ ಒಮ್ಮೆಲೇ ಬದಲಾಗುವುದು ಇದರಿಂದಲೇ.

ರೂಟರ್‌ಗೆ ಸರಿಯಾದ ಜಾಗ ಮನೆಯ ನಡುಭಾಗ, ನೆಲದಿಂದ ಒಂದೂವರೆ ಎರಡು ಮೀಟರ್ ಎತ್ತರ, ಸುತ್ತ ಗಾಳಿಯಾಡಬೇಕು. ಟಿವಿಯ ಹಿಂದೆ, ಮುಚ್ಚಿದ ಕಪಾಟಿನೊಳಗೆ, ನೆಲದ ಮೇಲೆ ಬೇಡ. ಫೈಬರ್ ಬಂದು ಸೇರುವುದು ಮೂಲೆಯಲ್ಲಾದರೆ ಓಎನ್‌ಟಿ ಅಲ್ಲೇ ಇರಲಿ. ಅಲ್ಲಿಂದ ಹತ್ತು ಹದಿನೈದು ಮೀಟರ್ ಈಥರ್‌ನೆಟ್ ಕೇಬಲ್ ಎಳೆದು ರೂಟರನ್ನು ನಡುಮನೆಗೆ ತನ್ನಿ. ಈ ಕೇಬಲ್ 100 ಮೀಟರ್‌ವರೆಗೂ ವೇಗ ಕಳೆದುಕೊಳ್ಳದು. ಮನೆಯ ನೆಟ್‌ವರ್ಕ್‌ಗೆ ಇದಕ್ಕಿಂತ ಕಡಿಮೆ ಖರ್ಚಿನ, ಇದಕ್ಕಿಂತ ಹೆಚ್ಚು ಫಲ ಕೊಡುವ ಸುಧಾರಣೆ ಇನ್ನೊಂದಿಲ್ಲ.

ಆಂಟೆನಾ ಬಗ್ಗೆಯೂ ಒಂದು ಮಾತು. ಕಡ್ಡಿಯಂಥ ಆಂಟೆನಾ ತನ್ನ ತುದಿಯಿಂದ ಹೆಚ್ಚೇನೂ ಹೊರಸೂಸದು, ಪಕ್ಕಗಳಿಗೆ ಸುತ್ತಲೂ ಹರಡುತ್ತದೆ. ಅದನ್ನು ಕೋಣೆಯ ಕಡೆಗೆ ಗುರಿಯಿಟ್ಟರೆ ಆ ಕೋಣೆಗೆ ಸಿಗುವುದು ಕಡಿಮೆಯೇ. ಒಂದೇ ಮಹಡಿಗೆ ಎಲ್ಲವನ್ನೂ ನೆಟ್ಟಗೆ ನಿಲ್ಲಿಸಿ. ಮೇಲಿನ ಮಹಡಿಗೂ ಬೇಕಿದ್ದರೆ ಒಂದನ್ನು ಅಡ್ಡ ಮಲಗಿಸಿ ನೋಡಿ. ಯುಎಸ್‌ಬಿ 3 ಹಾರ್ಡ್‌ಡಿಸ್ಕ್ ಮತ್ತು ಅದರ ಕೇಬಲ್ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲೇ ಗದ್ದಲ ಎಬ್ಬಿಸುತ್ತವೆ, ಅವು ರೂಟರ್‌ಗೆ ಅಂಟಿಕೊಂಡಿರದಿರಲಿ. ಮೈಕ್ರೋವೇವ್ ಓವನ್ ನಡೆಯುವುದೂ ಸುಮಾರು 2.45 ಗಿಗಾಹರ್ಟ್ಸ್‌ನಲ್ಲಿ. ಅದು ಓಡುವಾಗ ಮಾತ್ರ ವೈಫೈ ಕಡಿಯುತ್ತಿದ್ದರೆ ಆ ಕಡೆ ಬಳಸುವ ಸಾಧನಗಳನ್ನು 5 ಗಿಗಾಹರ್ಟ್ಸ್‌ಗೆ ಬದಲಾಯಿಸಿ.

ಚಾನೆಲ್‌ಗಳ ಲೆಕ್ಕ

ಚಾನೆಲ್ ಎಂದರೆ ತರಂಗ ಪಟ್ಟಿಯೊಳಗಿನ ಒಂದು ಹೋಳು. ವೈಫೈ ಒಂದು ಸಭೆಯ ಹಾಗೆ: ಒಂದು ಚಾನೆಲ್‌ನಲ್ಲಿ ಒಂದು ಸಲಕ್ಕೆ ಒಬ್ಬರೇ ಮಾತಾಡಬೇಕು, ಉಳಿದವರು ಕಾಯಬೇಕು. ನೆರೆಮನೆಯ ರೂಟರ್ ನಿಮ್ಮದೇ ಚಾನೆಲ್‌ನಲ್ಲಿದ್ದರೆ ಎರಡೂ ಒಂದನ್ನೊಂದು ಕೇಳಿಸಿಕೊಂಡು ಸರದಿ ಹಂಚಿಕೊಳ್ಳುತ್ತವೆ. ಅರೆಬರೆ ಮೇಲೆ ಬೀಳುವ ಪಕ್ಕದ ಚಾನೆಲ್‌ನಲ್ಲಿದ್ದರೆ ಒಬ್ಬರ ಮಾತು ಇನ್ನೊಬ್ಬರಿಗೆ ಬರೀ ಗದ್ದಲ. ಇದು ಇನ್ನೂ ಕೆಟ್ಟದ್ದು. 2.4 ಗಿಗಾಹರ್ಟ್ಸ್‌ನಲ್ಲಿ ಚಾನೆಲ್‌ಗಳ ನಡುವಿನ ಅಂತರ 5 ಮೆಗಾಹರ್ಟ್ಸ್, ಸಿಗ್ನಲ್‌ನ ಅಗಲ 20. ಹೀಗಾಗಿ ಒಂದರ ಮೇಲೊಂದು ಬೀಳದವು 1, 6, 11 ಈ ಮೂರೇ. “3 ಖಾಲಿ ಕಾಣುತ್ತಿದೆ” ಎಂದು ಅಲ್ಲಿ ಕೂತರೆ 1ರ ಗದ್ದಲವೂ 6ರ ಗದ್ದಲವೂ ಎರಡೂ ನಿಮ್ಮ ಪಾಲಿಗೆ. ಅನಲೈಸರ್‌ನಲ್ಲಿ ನೋಡಿ, ಮೂರರಲ್ಲಿ ಕಡಿಮೆ ತುಂಬಿರುವುದನ್ನು ಆರಿಸಿ, ಅಗಲವನ್ನು 20ಕ್ಕೆ ಕಟ್ಟಿಹಾಕಿ. ಅಕ್ಕಪಕ್ಕ ಮನೆಗಳಿರುವಲ್ಲಿ 40 ಇಟ್ಟರೆ ಈ ಇಕ್ಕಟ್ಟಾದ ಪಟ್ಟಿಯ ಹೆಚ್ಚಿನ ಭಾಗವನ್ನು ಒಬ್ಬರೇ ಆಕ್ರಮಿಸಿದಂತೆ, ಸಿಗುವ ಲಾಭ ಅಲ್ಪ. 12 ಮತ್ತು 13ನೇ ಚಾನೆಲ್ ಎಲ್ಲ ದೇಶಗಳಲ್ಲೂ ಇಲ್ಲ. ರೂಟರ್ ಅಲ್ಲಿಗೆ ಹೋದರೆ ಕೆಲವು ಸಾಧನಗಳಿಗೆ ನೆಟ್‌ವರ್ಕ್ ಹೆಸರೇ ಕಾಣದು.

5 ಗಿಗಾಹರ್ಟ್ಸ್‌ನಲ್ಲಿ ಜಾಗ ಧಾರಾಳ. 80 ಮೆಗಾಹರ್ಟ್ಸ್ ಅಗಲ ಇಡಬಹುದು. ಗಮನಿಸಬೇಕಾದದ್ದು 52ರಿಂದ 144ರವರೆಗಿನ ಚಾನೆಲ್‌ಗಳನ್ನು. ಅವನ್ನು ರೇಡಾರ್‌ಗಳೂ ಬಳಸುವುದರಿಂದ, ರೂಟರ್ ಅಲ್ಲಿ ಪ್ರಸಾರ ಶುರು ಮಾಡುವ ಮೊದಲು ಕನಿಷ್ಠ ಒಂದು ನಿಮಿಷ ಸುಮ್ಮನೆ ಕೇಳಿಸಿಕೊಳ್ಳಬೇಕು. ರೇಡಾರ್ ಸಿಕ್ಕಿದರೆ ಕೂಡಲೇ ಚಾನೆಲ್ ಬಿಟ್ಟು, ಅರ್ಧ ಗಂಟೆ ಆ ಕಡೆ ಮರಳಬಾರದು. ಆಗಾಗ 5 ಗಿಗಾಹರ್ಟ್ಸ್ ಹೆಸರು ಫೋನಿನ ವೈಫೈ ಹೆಸರುಗಳ ಸಾಲಿನಿಂದ ಮಾಯವಾಗಿ ಒಂದೆರಡು ನಿಮಿಷಕ್ಕೆ ಮತ್ತೆ ಬರುತ್ತಿದ್ದರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ. ಚಾನೆಲನ್ನು 36ಕ್ಕೆ, ಅನುಮತಿ ಇರುವಲ್ಲಿ 149ಕ್ಕೆ ನಿಗದಿ ಮಾಡಿ. 160 ಮೆಗಾಹರ್ಟ್ಸ್ ಅಗಲ ಆನ್ ಮಾಡಿದರೆ 36ರಲ್ಲಿ ಕೂತ ರೂಟರ್ ಕೂಡ 64ರವರೆಗೆ ಚಾಚಿಕೊಂಡು ಇದೇ ರೇಡಾರ್ ಭಾಗಕ್ಕೆ ಕಾಲಿಡುತ್ತದೆ. ಅದನ್ನೂ ಆಫ್ ಮಾಡಿ ನೋಡಿ.

ಕೊಳ್ಳುವುದೇ ಆದರೆ

ಎಎಕ್ಸ್3000 ಎಂಬ ಅಂಕಿ ಹೇಗೆ ಬಂತು ಎಂದು ತಿಳಿದರೆ ಪೆಟ್ಟಿಗೆಯ ಮೇಲಿನ ಎಲ್ಲ ಅಂಕಿಗಳೂ ಅರ್ಥವಾಗುತ್ತವೆ. 2.4ರಲ್ಲಿ 574, 5ರಲ್ಲಿ 2402, ಎರಡನ್ನೂ ಕೂಡಿ ದುಂಡಗೆ 3000. ಒಂದು ಫೋನು ಒಂದು ಹೊತ್ತಿಗೆ ಸಾಮಾನ್ಯವಾಗಿ ಒಂದೇ ಪಟ್ಟಿಯಲ್ಲಿರುತ್ತದೆ, ಹಾಗಾಗಿ ಮೊತ್ತಕ್ಕೆ ಅರ್ಥವಿಲ್ಲ. 2402 ಬರುವುದು 160 ಮೆಗಾಹರ್ಟ್ಸ್ ಅಗಲದಲ್ಲಿ. 80ರಲ್ಲಿ ಅದು 1201, ಅದೂ ಎರಡು ಆಂಟೆನಾಗಳ ವೈಫೈ 6 ಫೋನಿಗೆ. ಸರದಿ ಕಾಯುವುದು, ಸ್ವೀಕೃತಿ ಸಂದೇಶ, ಮರುಪ್ರಸಾರ ಎಲ್ಲ ಕಳೆದು ಹತ್ತಿರದಿಂದ ಕೈಗೆ ಸಿಗುವುದು ಇದರ ಅರ್ಧದಿಂದ ಮೂರನೇ ಎರಡು ಭಾಗ. ರೂಟರ್‌ಗೆ ಎಂಟು ಆಂಟೆನಾ ಇದ್ದರೂ ಎರಡು ಆಂಟೆನಾದ ಫೋನಿಗೆ ವೇಗದ ಮಿತಿ ಅದೇ.

ಪೀಳಿಗೆಯ ವಿಷಯಕ್ಕೆ ಬಂದರೆ, ಈಗ ಕೊಳ್ಳುವವರು ವೈಫೈ 6ಕ್ಕಿಂತ ಕೆಳಗೆ ಇಳಿಯುವ ಅಗತ್ಯವಿಲ್ಲ. ಒಂದೇ ಸರದಿಯಲ್ಲಿ ಹಲವು ಸಾಧನಗಳ ಸಣ್ಣ ಸಣ್ಣ ಡೇಟಾ ಪ್ಯಾಕೆಟ್‌ಗಳನ್ನು ಸಾಗಿಸುವ ವ್ಯವಸ್ಥೆ ಅದರಲ್ಲಿದೆ. ಸಾಧನಗಳೂ ವೈಫೈ 6 ಆಗಿದ್ದಾಗ ತುಂಬಿದ ಮನೆಗೆ ಅದು ನಿಜವಾದ ಅನುಕೂಲ. ವೈಫೈ 6ಇ ಹೊಸ 6 ಗಿಗಾಹರ್ಟ್ಸ್ ಪಟ್ಟಿಯನ್ನು ಸೇರಿಸುತ್ತದೆ. ಗದ್ದಲ ಕಡಿಮೆ, ಗೋಡೆ ದಾಟುವ ಶಕ್ತಿಯೂ ಕಡಿಮೆ, ಮತ್ತು ದೇಶದಿಂದ ದೇಶಕ್ಕೆ ಅನುಮತಿ ಬೇರೆ. 2024ರ ಆರಂಭದಲ್ಲಿ ಪ್ರಮಾಣೀಕರಣ ಶುರುವಾದ ವೈಫೈ 7ರಲ್ಲಿ 320 ಮೆಗಾಹರ್ಟ್ಸ್ ಅಗಲವೂ ಹಲವು ಪಟ್ಟಿಗಳನ್ನು ಒಟ್ಟಿಗೆ ಬಳಸುವ ಸಾಮರ್ಥ್ಯವೂ ಇವೆ. ಆದರೆ ನಿಮ್ಮ ಲೈನ್ 500 ಎಂಬಿಪಿಎಸ್‌ವರೆಗಿನದಾದರೆ ಗಿಗಾಬಿಟ್ ಪೋರ್ಟುಗಳಿರುವ ಎಎಕ್ಸ್3000 ದರ್ಜೆಯ ವೈಫೈ 6 ರೂಟರ್ ಸಾಕು. ಉಳಿಯುವ ಹಣ ಎರಡನೆಯ ಆ್ಯಕ್ಸೆಸ್ ಪಾಯಿಂಟ್‌ಗೆ (ವೈಫೈ ಪ್ರಸಾರ ಮಾಡುವ ಇನ್ನೊಂದು ಪೆಟ್ಟಿಗೆ) ಹೋಗಲಿ. ಲೈನ್ ಒಂದು ಗಿಗಾಬಿಟ್ ಮೀರಿದರೆ ಮಾತ್ರ 2.5 ಗಿಗಾಬಿಟ್ ವ್ಯಾನ್ ಪೋರ್ಟ್ ಹುಡುಕಿ.

ಎರಡನೆಯ ಪಾಯಿಂಟ್ ಯಾಕೆ? ರೂಟರ್ ಎಷ್ಟು ಶಕ್ತಿಯಲ್ಲಿ ಪ್ರಸಾರ ಮಾಡಬಹುದು ಎಂಬುದಕ್ಕೆ ಕಾನೂನಿನ ಮಿತಿ ಇದೆ, ದುಬಾರಿ ರೂಟರ್ ಅದನ್ನು ಮೀರದು. ಮೀರಿದರೂ ಪ್ರಯೋಜನವಿಲ್ಲ: ಫೋನು ಪುಟ್ಟ ಬ್ಯಾಟರಿಯಿಂದ ಉತ್ತರ ಕಳಿಸಬೇಕು, ಆ ಉತ್ತರ ರೂಟರ್ ತಲುಪದಿದ್ದರೆ ಸಂಪರ್ಕವೇ ಇಲ್ಲ. “ಸಿಗ್ನಲ್ ತುಂಬಿದೆ, ಏನೂ ತೆರೆಯುತ್ತಿಲ್ಲ” ಎಂಬ ದೂರಿಗೆ ಇದೂ ಒಂದು ಕಾರಣ. ದೊಡ್ಡ ಮನೆಗೆ ಒಂದು ಬಲಶಾಲಿ ರೂಟರ್‌ಗಿಂತ ಎರಡು ಸಾಧಾರಣ ಪಾಯಿಂಟ್‌ಗಳು ಮೇಲು.

ಅವೆರಡರ ನಡುವೆ ಕೇಬಲ್ ಇದ್ದರೆ ಅದೇ ಶ್ರೇಷ್ಠ. ಕೇಬಲ್ ಎಳೆಯಲಾಗದಿದ್ದರೆ ಮೆಶ್, ಅಂದರೆ ತಮ್ಮೊಳಗೆ ವೈಫೈನಲ್ಲೇ ಮಾತಾಡಿಕೊಳ್ಳುವ ಪೆಟ್ಟಿಗೆಗಳು. ಒಂದೇ ರೇಡಿಯೊದಲ್ಲಿ ಕೇಳಿ, ಅದರಲ್ಲೇ ಮತ್ತೆ ಹೇಳುವ ರಿಪೀಟರ್‌ನಲ್ಲಿ ವೇಗ ಅರ್ಧಕ್ಕೆ ಇಳಿಯುತ್ತದೆ. ಎರಡೇ ಪಟ್ಟಿಯ ಮೆಶ್‌ಗೂ ಇದೇ ಕಷ್ಟ. ಒಳಸಂಪರ್ಕಕ್ಕೆ ಬೇರೆ ರೇಡಿಯೊ ಮೀಸಲಿಟ್ಟ ಟ್ರೈಬ್ಯಾಂಡ್ ಮೆಶ್ ಇದನ್ನು ತಪ್ಪಿಸುತ್ತದೆ. ಹೆಚ್ಚಿನವರು ಎಡವುವುದು ಜಾಗದಲ್ಲಿ: ಸಿಗ್ನಲ್ ಸಿಗದ ಕೋಣೆಯೊಳಗೇ ಮೆಶ್ ಪೆಟ್ಟಿಗೆ ಇಡುತ್ತಾರೆ. ತನಗೇ ಸಿಗ್ನಲ್ ಇಲ್ಲದ ಪೆಟ್ಟಿಗೆ ಇನ್ನೊಬ್ಬರಿಗೆ ಏನು ಕೊಟ್ಟೀತು? ಅರ್ಧ ದಾರಿಯಲ್ಲಿ, ಮುಖ್ಯ ರೂಟರ್‌ನ ಸಿಗ್ನಲ್ -60ರಿಂದ -65 ಇರುವಲ್ಲಿ ಇಡಿ.

ಹಳೆಯ ರೂಟರನ್ನೂ ಆ್ಯಕ್ಸೆಸ್ ಪಾಯಿಂಟ್ ಮಾಡಿಕೊಳ್ಳಬಹುದು. ಅದರ ಸೆಟ್ಟಿಂಗ್ಸ್‌ನಲ್ಲಿ ‘ಎಪಿ ಮೋಡ್’ ಇದ್ದರೆ ಅದನ್ನೇ ಆರಿಸಿ. ಇಲ್ಲದಿದ್ದರೆ ಅದರ ಐಪಿ ವಿಳಾಸವನ್ನು (ನೆಟ್‌ವರ್ಕ್‌ನಲ್ಲಿ ಸಾಧನದ ಗುರುತಿನ ಸಂಖ್ಯೆ), ಮುಖ್ಯ ರೂಟರ್ 192.168.1.1 ಎಂದಾದರೆ, 192.168.1.2 ಎಂದು ಬದಲಿಸಿ. ಈ ವಿಳಾಸ ಮುಖ್ಯ ರೂಟರ್ ಬೇರೆಯವಕ್ಕೆ ಹಂಚುವ ವ್ಯಾಪ್ತಿಯೊಳಗೆ ಬರದಂತೆ ನೋಡಿಕೊಳ್ಳಿ. ನಂತರ ಹಳೆಯದರ ಡಿಎಚ್‌ಸಿಪಿ (ಸಾಧನಗಳಿಗೆ ವಿಳಾಸ ಹಂಚುವ ವ್ಯವಸ್ಥೆ) ಆಫ್ ಮಾಡಿ, ಕೇಬಲನ್ನು ಮುಖ್ಯ ರೂಟರ್‌ನ ಲ್ಯಾನ್‌ನಿಂದ ಹಳೆಯದರ ಲ್ಯಾನ್ ಪೋರ್ಟಿಗೇ ಹಾಕಿ, ವ್ಯಾನ್‌ಗೆ ಬೇಡ. ವೈಫೈ ಹೆಸರು, ಪಾಸ್‌ವರ್ಡ್, ಭದ್ರತೆಯ ಬಗೆ ಎರಡರಲ್ಲೂ ಒಂದೇ ಇರಲಿ, ಚಾನೆಲ್ ಬೇರೆ ಇರಲಿ. ಡಿಎಚ್‌ಸಿಪಿ ಆಫ್ ಮಾಡಲು ಮರೆತರೆ ಎರಡು ಸಾಧನಗಳು ವಿಳಾಸ ಹಂಚಲು ಶುರುಮಾಡಿ, ಕೆಲವು ಫೋನುಗಳಿಗೆ ಇಂಟರ್ನೆಟ್ ಸಿಕ್ಕಿ ಕೆಲವಕ್ಕೆ ಸಿಗದ ವಿಚಿತ್ರ ಸ್ಥಿತಿ ಬರುತ್ತದೆ.

ಖರೀದಿಯ ಮುನ್ನ ತಯಾರಕರು ಆ ಮಾದರಿಗೆ ಫರ್ಮ್‌ವೇರ್ (ಒಳಗಿನ ತಂತ್ರಾಂಶ) ಅಪ್‌ಡೇಟ್ ಎಷ್ಟು ವರ್ಷ ಕೊಡುತ್ತಾರೆ ಎಂದು ನೋಡಿ. ಅಪ್‌ಡೇಟ್ ನಿಂತ ರೂಟರನ್ನು, ಅದು ಎಷ್ಟೇ ಚೆನ್ನಾಗಿ ಓಡುತ್ತಿದ್ದರೂ, ಇಂಟರ್ನೆಟ್‌ಗೆ ಎದುರಾಗಿ ಇಡಬಾರದು. ಭದ್ರತೆಗೆ ಡಬ್ಲ್ಯುಪಿಎ3 ಅಥವಾ ಡಬ್ಲ್ಯುಪಿಎ2-ಎಇಎಸ್ ಇರಲಿ. ಹಳೆಯ ಬಗೆಗಳಾದ ಟಿಕೆಐಪಿ ಅಥವಾ ಡಬ್ಲ್ಯುಇಪಿ ಉಳಿಸಿಕೊಂಡರೆ ಅಪಾಯದ ಜೊತೆಗೆ ವೇಗವೂ 54 ಎಂಬಿಪಿಎಸ್‌ಗೆ ಇಳಿಯುತ್ತದೆ. ಪಾಸ್‌ವರ್ಡ್ ಬದಲು ಗುಂಡಿ ಅಥವಾ ಪಿನ್‌ನಿಂದ ಸಾಧನ ಸೇರಿಸುವ ಡಬ್ಲ್ಯುಪಿಎಸ್ ಆಫ್ ಮಾಡಿ: ಅದರ ಎಂಟಂಕಿಯ ಪಿನ್ ಎರಡು ತುಂಡಾಗಿ ಪರಿಶೀಲನೆಗೊಳ್ಳುವುದರಿಂದ 11,000 ಪ್ರಯತ್ನದೊಳಗೆ ಒಡೆಯಬಹುದು ಎಂಬುದು 2011ರಲ್ಲೇ ಬಯಲಾಗಿದೆ.

ಲಕ್ಷಣ ನೋಡಿ ದೋಷ ಹಿಡಿಯುವುದು

ವೈಫೈ ಕನೆಕ್ಟ್ ಆಗಿದೆ, ಇಂಟರ್ನೆಟ್ ಇಲ್ಲ. ಮೊದಲು ಸಾಧನಕ್ಕೆ ಸಿಕ್ಕ ಐಪಿ ವಿಳಾಸ ನೋಡಿ. 169.254ರಿಂದ ಶುರುವಾದರೆ ರೂಟರ್ ವಿಳಾಸವನ್ನೇ ಕೊಟ್ಟಿಲ್ಲ. ಆ ನೆಟ್‌ವರ್ಕನ್ನು ಮರೆಸಿ ಮತ್ತೆ ಸೇರಿಸಿ, ಆಗದಿದ್ದರೆ ರೂಟರ್ ಮರುಚಾಲನೆ. ವಿಳಾಸ ಸರಿಯಿದ್ದರೆ ಕ್ರಮವಾಗಿ ಮೂರು ಪಿಂಗ್ (ಉತ್ತರ ಬರುತ್ತದೆಯೇ, ಎಷ್ಟು ಹೊತ್ತಿಗೆ ಎಂದು ನೋಡುವ ಪರೀಕ್ಷೆ): ರೂಟರ್‌ಗೆ, 8.8.8.8ಕ್ಕೆ (ಗೂಗಲ್‌ನ ಸರ್ವರ್), ಯಾವುದಾದರೂ ಜಾಲತಾಣದ ಹೆಸರಿಗೆ. ರೂಟರ್‌ಗೇ ಪಿಂಗ್ ತಪ್ಪುತ್ತಿದ್ದರೆ, ಅಥವಾ ಕೆಲವೇ ಮಿಲಿಸೆಕೆಂಡ್ ಆಗಬೇಕಾದದ್ದು ನೂರಾರಕ್ಕೆ ಜಿಗಿಯುತ್ತಿದ್ದರೆ ವೈಫೈ ಹಾದಿಯೇ ಕೆಟ್ಟಿದೆ. ರೂಟರ್ ಸಿಕ್ಕಿ 8.8.8.8 ಸಿಗದಿದ್ದರೆ ಹೊರಲೈನ್. ಅದೂ ಸಿಕ್ಕಿ ಹೆಸರು ಮಾತ್ರ ಸಿಗದಿದ್ದರೆ ಡಿಎನ್‌ಎಸ್ (ಹೆಸರನ್ನು ವಿಳಾಸಕ್ಕೆ ತಿರುಗಿಸುವ ಸೇವೆ), ರೂಟರ್‌ನಲ್ಲಿ 1.1.1.1 ಅಥವಾ 8.8.8.8 ಹಾಕಿ.

ಕೆಲವು ತಾಣ ತೆರೆದು ಕೆಲವು ಅರ್ಧಕ್ಕೇ ನಿಂತರೆ, ನಿಮ್ಮದು ಪಿಪಿಪಿಒಇ (ಹೆಸರು, ಪಾಸ್‌ವರ್ಡ್ ಕೊಟ್ಟು ಸಂಪರ್ಕ ಪಡೆಯುವ ಬಗೆ) ಲೈನ್ ಆಗಿದ್ದರೆ, ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ, ಬೈಟ್‌ಗಳಲ್ಲಿ) 1492 ಇದೆಯೇ ನೋಡಿ. ಈಥರ್‌ನೆಟ್‌ನ 1500ರಲ್ಲಿ 8 ಬೈಟ್ ಪಿಪಿಪಿಒಇಗೇ ಹೋಗುತ್ತದೆ.

ಯಾರೋ ಫೋಟೊಗಳನ್ನು ಕ್ಲೌಡ್‌ಗೆ ಅಪ್‌ಲೋಡ್ ಮಾಡುವಾಗಲೆಲ್ಲ ವಿಡಿಯೊ ಕರೆ ಒಡೆದರೆ ಅದು ವೇಗದ ಕೊರತೆಯಂತೆ ಕಂಡರೂ ಬಹಳ ಸಲ ಸರತಿಯ ಸಮಸ್ಯೆ. ಅಪ್‌ಲೋಡ್ ನಡೆಯುತ್ತಿರುವಾಗ 8.8.8.8ಕ್ಕೆ ಪಿಂಗ್ ಹಾಕಿ. 20 ಮಿಲಿಸೆಕೆಂಡ್ ಇದ್ದದ್ದು 300 ಆದರೆ ಪ್ಯಾಕೆಟ್‌ಗಳು ಮೋಡೆಮ್‌ನ ಬಫರ್‌ನಲ್ಲಿ ಸಾಲುಗಟ್ಟಿ ನಿಂತಿವೆ. ರೂಟರ್‌ನಲ್ಲಿ ಈ ಸಾಲನ್ನು ನಿಭಾಯಿಸುವ ಎಸ್‌ಕ್ಯೂಎಂ ಇದ್ದರೆ ಆನ್ ಮಾಡಿ, ಅಳೆದ ವೇಗದ ಶೇ 90ರಷ್ಟನ್ನು ಮಿತಿಯಾಗಿ ಹಾಕಿ. ಶೇ 10ರಷ್ಟು ವೇಗ ಬಿಟ್ಟುಕೊಟ್ಟಾಗ ಸಾಲು ಮೋಡೆಮ್‌ನಿಂದ ರೂಟರ್‌ಗೆ ಬರುತ್ತದೆ, ರೂಟರ್ ಅದನ್ನು ನ್ಯಾಯವಾಗಿ ಹಂಚುತ್ತದೆ. ಕರೆಗಳು ಸಲೀಸಾಗುವುದು ಆಗಲೇ ಗೊತ್ತಾಗುತ್ತದೆ.

ಸ್ಮಾರ್ಟ್ ಬಲ್ಬ್, ಪ್ಲಗ್, ಕ್ಯಾಮೆರಾ ಸೇರಿಕೊಳ್ಳದಿದ್ದರೆ: ಇವುಗಳಲ್ಲಿ ಹೆಚ್ಚಿನವಕ್ಕೆ 2.4 ಗಿಗಾಹರ್ಟ್ಸ್ ಮಾತ್ರ ಗೊತ್ತು, ಎಷ್ಟೋ ಸಾಧನಗಳಿಗೆ ಡಬ್ಲ್ಯುಪಿಎ3 ಗೊತ್ತಿಲ್ಲ. 2.4ರಲ್ಲಷ್ಟೇ ನಡೆಯುವ, ಡಬ್ಲ್ಯುಪಿಎ2 ಇರುವ ಗೆಸ್ಟ್ ನೆಟ್‌ವರ್ಕ್ ಮಾಡಿ ಅದಕ್ಕೆ ಸೇರಿಸಿ. ನಿಮ್ಮ ಲ್ಯಾಪ್‌ಟಾಪಿನಿಂದ ಅವು ಬೇರೆಯಾಗಿ ಉಳಿಯುವುದು ಭದ್ರತೆಗೂ ಒಳ್ಳೆಯದು.

ಹೊರಗಿನಿಂದ ಮನೆಯ ಕ್ಯಾಮೆರಾ ನೋಡಲಾಗುತ್ತಿಲ್ಲ, ಪೋರ್ಟ್ ಫಾರ್ವರ್ಡ್ (ಹೊರಗಿನ ಕೋರಿಕೆಯನ್ನು ಒಳಗಿನ ಸಾಧನಕ್ಕೆ ದಾಟಿಸುವ ಸೆಟ್ಟಿಂಗ್) ಮಾಡಿದರೂ ಫಲವಿಲ್ಲ ಎಂದಾದರೆ ರೂಟರ್‌ನ ವ್ಯಾನ್ ವಿಳಾಸ ನೋಡಿ. ಅದು 192.168 ಅಥವಾ 10ರಿಂದ ಶುರುವಾಗಿದ್ದರೆ ಹೊರಲೈನ್ ಮೊದಲು ಬಂದು ಸೇರುವ ಪೆಟ್ಟಿಗೆಯೂ ರೂಟರ್ ಆಗಿ ದುಡಿಯುತ್ತಿರುವ ಸಾಧ್ಯತೆ ಹೆಚ್ಚು. ಅದನ್ನು ಬ್ರಿಜ್ ಮೋಡ್‌ಗೆ (ರೂಟರ್ ಕೆಲಸ ಬಿಟ್ಟು ಲೈನನ್ನಷ್ಟೇ ದಾಟಿಸುವ ಬಗೆ) ಹಾಕಿಸಿ. 100.64ರಿಂದ 100.127ರೊಳಗಿದ್ದರೆ ಸೇವಾದಾರರೇ ಒಂದು ಸಾರ್ವಜನಿಕ ವಿಳಾಸವನ್ನು ಹಲವರಿಗೆ ಹಂಚಿದ್ದಾರೆ. ಆಗ ಅವರಿಂದ ಪ್ರತ್ಯೇಕ ಪಬ್ಲಿಕ್ ಐಪಿ ಕೇಳಬೇಕು.

ರೂಟರ್ ತಾನಾಗಿಯೇ ರೀಸ್ಟಾರ್ಟ್ ಆಗುತ್ತಿದ್ದರೆ ಅದನ್ನು ಎಸೆಯುವ ಮೊದಲು ಅಡಾಪ್ಟರ್ ಬದಲಿಸಿ. ವರ್ಷಗಟ್ಟಲೆ ಬಿಡುವಿಲ್ಲದೆ ಉರಿದ ಅಡಾಪ್ಟರ್ ಒಳಗಿನ ಕೆಪಾಸಿಟರ್‌ಗಳು ಸೊರಗಿ, ಹೊರೆ ಹೆಚ್ಚಿದಾಗ ವೋಲ್ಟೇಜ್ ಕುಸಿಯುತ್ತದೆ. ಹೊಸದರಲ್ಲಿ ವೋಲ್ಟ್ ಅಷ್ಟೇ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಹೆಚ್ಚಿರಬಹುದು, ಪ್ಲಗ್‌ನ ಗಾತ್ರವೂ ಧನ-ಋಣ ತುದಿಗಳೂ ಹೊಂದಬೇಕು. 12 ವೋಲ್ಟ್ 1 ಆಂಪಿಯರ್ ಜಾಗಕ್ಕೆ 12 ವೋಲ್ಟ್ 1.5 ಆಂಪಿಯರ್ ನಡೆಯುತ್ತದೆ, 9 ವೋಲ್ಟ್ ನಡೆಯದು.

ಫ್ಯಾಕ್ಟರಿ ರೀಸೆಟ್ ಕೊನೆಯ ಮದ್ದು. ಗುಂಡಿ ಒತ್ತುವ ಮೊದಲು ಪಿಪಿಪಿಒಇ ಹೆಸರು, ಪಾಸ್‌ವರ್ಡ್, ಸೇವಾದಾರರು ಲೈನಿಗೆ ಕೊಟ್ಟ ವಿಎಲ್ಯಾನ್ ಸಂಖ್ಯೆ ಬರೆದಿಟ್ಟುಕೊಳ್ಳಿ. ಇಲ್ಲದಿದ್ದರೆ ಲೈನ್ ಮತ್ತೆ ಏಳದು. ಇನ್ನು ಓಎನ್‌ಟಿಯಲ್ಲಿ ಎಲ್‌ಒಎಸ್ ದೀಪ ಕೆಂಪಾಗಿದ್ದರೆ ಒಳಗೆ ಏನು ಮಾಡಿದರೂ ವ್ಯರ್ಥ, ಫೈಬರ್‌ನಲ್ಲಿ ಬೆಳಕೇ ಬರುತ್ತಿಲ್ಲ. ಫೈಬರ್ ತಂತಿ ಎಲ್ಲಾದರೂ ಚೂಪಾಗಿ ಮಡಚಿದೆಯೇ ಎಂದಷ್ಟೇ ನೋಡಿ, ಸೇವಾದಾರರಿಗೆ ಕರೆ ಮಾಡಿ. ವೇಗದ ದೂರಾದರೆ ಕೇಬಲ್‌ನಲ್ಲಿ ಅಳೆದ ವೇಗ, ಅಳೆದ ಹೊತ್ತು, ರೂಟರ್‌ಗೆ ಮತ್ತು 8.8.8.8ಕ್ಕೆ ಬಂದ ಪಿಂಗ್ ಇಷ್ಟನ್ನು ಕೈಯಲ್ಲಿಟ್ಟುಕೊಂಡು ಮಾತಾಡಿ. “ರೂಟರ್ ಆಫ್ ಮಾಡಿ ಆನ್ ಮಾಡಿ” ಎಂಬ ಹಂತ ದಾಟಿ ಲೈನ್ ಪರೀಕ್ಷೆಗೆ ಬೇಗ ತಲುಪುತ್ತೀರಿ.